ಕಾರ್ನ್‌ವಾಲ್‌ನ ಗಣಿಯವರು ಕೋಲಾರಕ್ಕೆ, ಮೆಕ್ಸಿಕೊಗೆ, ಆಸ್ಟ್ರೇಲಿಯಾಗೆ ಯಾಕೆ ಹೋದರು? ಗೊತ್ತಿರುವವರು ಬನ್ನಿ

ಮಾರಿಕುಪ್ಪಂ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಮರದ ಕೆಲಸ ಮಾಡುತ್ತಿದ್ದರು. ಮೇಲಿನ ಮರದ ಕೆಲಸ ಅಲ್ಲ, ನೆಲದ ಅಡಿಯಲ್ಲಿ ಬಂಡೆ ಕುಸಿಯದ ಹಾಗೆ ದಿಮ್ಮಿ ಕೊಟ್ಟು ನಿಲ್ಲಿಸುವುದು. ನಮ್ಮ ಮನೆಯಲ್ಲಿ ತೆಲುಗು, ಲೈನ್ ಮನೆಗಳ ಬೀದಿಯಲ್ಲಿ ತಮಿಳು, ಸ್ಕೂಲಲ್ಲಿ ಕನ್ನಡ. ಮೂರರಲ್ಲೂ ತಾತ ಒಂದೇ ಕಥೆ ಹೇಳುತ್ತಿದ್ದರು. ಅವರು ಹುಡುಗನಾಗಿ ಕೆಲಸಕ್ಕೆ ಸೇರಿದಾಗ ಮೇಲೆ ಇದ್ದ ದೊರೆ ಒಬ್ಬ, ವಯಸ್ಸಾದವನು, ಪ್ರತಿ ದಿನ ಪಾಳಿ ಶುರುವಾಗುವ ಮೊದಲು ಬಂಡೆಯನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಕಿವಿ ಕೊಟ್ಟು ಕೇಳುತ್ತಿದ್ದನಂತೆ. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಟೊಳ್ಳು, ಎಲ್ಲರೂ ಈಚೆ ಬನ್ನಿ ಅಂತ ಕೈ ಮಾಡುತ್ತಿದ್ದ. ತಾತ ಆ ತಟ್ಟುವುದನ್ನ ಅವನಿಂದಲೇ ಕಲಿತರು. ನಮ್ಮ ಮನೆಯ ಗೋಡೆಯನ್ನೂ ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡುತ್ತಿದ್ದರು, ಕೊನೆಯವರೆಗೂ.

ಆ ದೊರೆಯನ್ನ ಇಂಗ್ಲಿಷಿನವನು ಅಂದರೆ ಅವನಿಗೆ ಹಿಡಿಸುತ್ತಿರಲಿಲ್ಲವಂತೆ. ನಾನು ಕಾರ್ನಿಷ್, ನಮ್ಮೂರು ಕ್ಯಾಂಬೋರ್ನ್ ಅನ್ನುತ್ತಿದ್ದನಂತೆ. ನಮಗೆ ಬಿಳಿಯರು ಅಂದರೆ ಎಲ್ಲರೂ ಒಂದೇ, ಎಲ್ಲರೂ ದೊರೆಗಳೇ. ಆದರೆ ಒಬ್ಬ ಗಣಿ ಕೆಲಸದವನು ಊರು ಬಿಟ್ಟು ಅಷ್ಟು ದೂರ ಮಾರಿಕುಪ್ಪಂವರೆಗೆ ಬಂದ ಅಂದರೆ ಅವನ ಊರಲ್ಲಿ ಏನೋ ಆಗಿರಬೇಕು ಅಲ್ವಾ? ಬ್ರಿಟಿಷ್ ಮೂಲದವರು ಇಷ್ಟು ದೇಶಗಳಲ್ಲಿ ಇದ್ದಾರಲ್ಲ, ಅವರೆಲ್ಲ ಹೋದದ್ದು ಹೇಗೆ, ಯಾಕೆ ಅನ್ನುವುದು ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ.

ನಿವೃತ್ತ ಗಣಿ ಇಂಜಿನಿಯರ್

ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಮೂವತ್ತು ವರ್ಷ ಗಣಿಯಲ್ಲೇ ಕಳೆದವನು ನಾನು, ಗೊತ್ತಿರುವಷ್ಟು ಹೇಳುತ್ತೇನೆ.

ಕಾರ್ನ್‌ವಾಲ್ ಅಂದರೆ ಇಂಗ್ಲೆಂಡಿನ ನೈಋತ್ಯ ಮೂಲೆ, ಸಮುದ್ರಕ್ಕೆ ಚಾಚಿಕೊಂಡ ತುದಿ. ಅಲ್ಲಿ ತವರ, ತಾಮ್ರ ಎರಡೂ ಇದ್ದವು. ಗಣಿ ಆಳಕ್ಕೆ ಹೋದ ಹಾಗೆ ನೀರು ತುಂಬುತ್ತದೆ, ಆ ನೀರನ್ನು ಮೇಲೆತ್ತುವುದೇ ದೊಡ್ಡ ಕಷ್ಟ. ಅದಕ್ಕೆ ಉಗಿ ಯಂತ್ರಗಳನ್ನ ಹದಗೊಳಿಸುತ್ತಾ ಹೋದವರು ಕಾರ್ನಿಷ್ ಇಂಜಿನಿಯರ್‌ಗಳು. ರಿಚರ್ಡ್ ಟ್ರೆವಿಥಿಕ್ ಹೆಸರು ಕೇಳಿರಬಹುದು. 1804ರಲ್ಲಿ ಹಳಿ ಮೇಲೆ ಉಗಿಬಂಡಿ ಓಡಿಸಿದವನು, ರೈಲಿನ ಪಿತಾಮಹ ಅನ್ನಿಸಿಕೊಂಡ ಜಾರ್ಜ್ ಸ್ಟೀಫನ್‌ಸನ್‌ಗಿಂತ ಎಷ್ಟೋ ಮೊದಲು. ಅವನೂ ಆ ಗಣಿ ಸೀಮೆಯವನೇ.

ಅಲ್ಲಿನ ಕೂಲಿ ಪದ್ಧತಿ ಬೇರೆ ಥರ. ನಾಲ್ಕೈದು ಜನ ಸೇರಿ ಗುಂಪು ಮಾಡಿಕೊಂಡು, ಗಣಿಯ ಒಂದು ಜಾಗವನ್ನ ಹರಾಜಿನಲ್ಲಿ ಹಿಡಿಯುತ್ತಿದ್ದರು. ಸಿಕ್ಕ ಅದಿರಿನ ಬೆಲೆಯಲ್ಲಿ ಇಷ್ಟು ಪಾಲು ನಮಗೆ ಅಂತ ಒಪ್ಪಂದ. ಅದಿರು ಸಿಕ್ಕರೆ ಕೈ ತುಂಬ ಕಾಸು, ಸಿಗದಿದ್ದರೆ ಸಾಲ. ಬಂಡೆ ನೋಡಿ ಒಳಗೆ ಏನಿದೆ ಅಂತ ಅಂದಾಜು ಮಾಡುವ ಕಣ್ಣು ಅವರಿಗೆ ಬಂದದ್ದೇ ಹಾಗೆ, ಹೊಟ್ಟೆಪಾಡು ಅದರ ಮೇಲೆ ನಿಂತಿತ್ತು. ನಿಮ್ಮ ತಾತನ ದೊರೆ ಬಂಡೆ ತಟ್ಟಿ ಕೇಳುತ್ತಿದ್ದನಲ್ಲ, ಅದು ಪುಸ್ತಕದಲ್ಲಿ ಓದಿ ಬಂದದ್ದಲ್ಲ.

1866ರಲ್ಲಿ ತಾಮ್ರದ ಬೆಲೆ ಬಿದ್ದುಹೋಯಿತು. ಚಿಲಿ, ಆಸ್ಟ್ರೇಲಿಯಾ ಕಡೆಯಿಂದ ಅಗ್ಗದ ತಾಮ್ರ ಬರುತ್ತಿತ್ತು. ಸಾಲು ಸಾಲು ಗಣಿ ಮುಚ್ಚಿದವು. ಆಮೇಲೆ 1870ರ ದಶಕದಲ್ಲಿ ತವರವೂ ಕುಸಿಯಿತು. 1861ರಿಂದ 1901ರ ನಡುವೆ ಸುಮಾರು ಎರಡೂವರೆ ಲಕ್ಷ ಜನ ಕಾರ್ನ್‌ವಾಲ್ ಬಿಟ್ಟು ಹೊರದೇಶಕ್ಕೆ ಹೋದರು ಅಂತ ಲೆಕ್ಕ. ಅದು ಒಂದು ಸಣ್ಣ ಜಿಲ್ಲೆ ಅನ್ನುವುದು ನೆನಪಿರಲಿ. ನಮ್ಮ ಕೋಲಾರ ಜಿಲ್ಲೆಗಿಂತಲೂ ಚಿಕ್ಕದು.

ಅಡಿಲೇಡ್ ಅಮ್ಮ

ನಾನು ಹನ್ನೆರಡು ವರ್ಷದಿಂದ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದೀನಿ. ನಮ್ಮ ಮನೆಯಿಂದ ಎರಡು ಗಂಟೆ ಕಾರಿನಲ್ಲಿ ಹೋದರೆ ಮೂಂಟಾ ಅಂತ ಒಂದು ಊರು. ಮೂಂಟಾ, ಕಡೀನಾ, ವಾಲರೂ ಈ ಮೂರೂ ಸೇರಿ ಪುಟ್ಟ ಕಾರ್ನ್‌ವಾಲ್ ಅಂತಲೇ ಹೆಸರು. 1861ರಲ್ಲಿ ಕುರಿ ಕಾಯುವವನೊಬ್ಬ ವೊಂಬ್ಯಾಟ್ ಅನ್ನುವ ಪ್ರಾಣಿಯ ಬಿಲದ ಬಾಯಲ್ಲಿ ಹಸಿರು ಕಲ್ಲು ನೋಡಿದನಂತೆ, ಅದೇ ತಾಮ್ರ. ಕಾರ್ನ್‌ವಾಲ್‌ನಲ್ಲಿ ಗಣಿ ಮುಚ್ಚುತ್ತಿದ್ದ ಹೊತ್ತಿಗೆ ಇಲ್ಲಿ ತೆರೆಯುತ್ತಿತ್ತು. ಇನ್ನೇನು, ಕುಟುಂಬ ಸಮೇತ ಹಡಗು ಹತ್ತಿ ಬಂದುಬಿಟ್ಟರು.

ಅದಕ್ಕೂ ಮೊದಲು ಬರ್ರಾ ಅನ್ನುವ ಕಡೆ 1845ರಲ್ಲೇ ತಾಮ್ರ ಸಿಕ್ಕಿತ್ತು. ಅಲ್ಲಿ ಇರಲು ಮನೆ ಇಲ್ಲದೆ ಜನ ಹಳ್ಳದ ದಂಡೆಯನ್ನೇ ಕೊರೆದು ಗವಿ ಮಾಡಿಕೊಂಡು ಇದ್ದರು. 1851ರಲ್ಲಿ ಸುಮಾರು 1,800 ಜನ ಹಾಗೆ ಮಣ್ಣಿನೊಳಗೆ ಸಂಸಾರ ಮಾಡುತ್ತಿದ್ದರು. ಅದೇ ವರ್ಷ ಹಳ್ಳ ಉಕ್ಕಿ ನೀರು ನುಗ್ಗಿತು. ಆ ಗವಿಗಳಲ್ಲಿ ಒಂದೆರಡನ್ನ ಇಂದಿಗೂ ಉಳಿಸಿದ್ದಾರೆ. ನಾನು ಒಳಗೆ ಹೋಗಿ ನಿಂತಿದ್ದೆ. ಒಲೆಯ ಹೊಗೆಗೆ ಮೇಲೆ ಒಂದು ತೂತು, ಗೋಡೆಗೆ ಸುಣ್ಣ. ತಲೆ ಎತ್ತಿದರೆ ಮಣ್ಣು ತಾಗುತ್ತದೆ. ಒಳಗೆ ಮಕ್ಕಳನ್ನ ಎಲ್ಲಿ ಮಲಗಿಸುತ್ತಿದ್ದರೋ ಅಂತ ಅದೇ ಯೋಚನೆ ಬಂತು ನನಗೆ.

ಆಮೇಲೆ ತಿಂಡಿ! ಮೂಂಟಾದ ಬೇಕರಿಗಳಲ್ಲಿ ಪೇಸ್ಟಿ ಸಿಗುತ್ತದೆ. ಗಣಿಯವರ ಬುತ್ತಿ ಅದು. ನೋಡಿದ ತಕ್ಷಣ ನನ್ನ ಬಾಯಿಂದ ಬಂದದ್ದು ಕರ್ಜಿಕಾಯಿ ಅಂತ! ಅದೇ ಅರ್ಧಚಂದ್ರ, ಅದೇ ಥರ ಅಂಚು ಮಡಚುವುದು. ಆದರೆ ಇದು ಅಂಗೈಗಿಂತ ದೊಡ್ಡದು, ಎಣ್ಣೆಯಲ್ಲಿ ಕರಿಯುವುದಿಲ್ಲ, ಓವನ್‌ನಲ್ಲಿ ಬೇಯಿಸುತ್ತಾರೆ. ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ, ಸ್ವೀಡ್ ಅಂತ ಒಂದು ಗೆಡ್ಡೆ. ಎಲ್ಲ ಹಸಿಯಾಗಿಯೇ ತುಂಬುತ್ತಾರೆ, ಒಳಗೇ ಬೇಯುತ್ತದೆ. ದಪ್ಪ ಅಂಚು ಹಿಡಿದು ತಿಂದು, ಕೈ ಕೊಳೆ ತಾಗಿದ ಆ ಅಂಚನ್ನ ಗಣಿಯೊಳಗೆ ಬಿಸಾಕುತ್ತಿದ್ದರಂತೆ, ಅಲ್ಲಿರುವ ಕುಳ್ಳ ಭೂತಗಳಿಗೆ ಅದು ಪಾಲು ಅಂತ. ಎರಡು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಕೆರ್ನೆವೆಕ್ ಲೋವೆಂಡರ್ ಅಂತ ಹಬ್ಬ ಮಾಡುತ್ತಾರೆ, 1973ರಿಂದ ನಡೆಯುತ್ತಿದೆ. ಕಾರ್ನಿಷ್ ಸಂತೋಷ ಅಂತ ಅರ್ಥ.

ಬಳ್ಳಾರಿ ಬಿಸಿಲು

ಕ್ಷಮಿಸಿ, ಒಂದು ಮಾತು ಹೇಳಲೇಬೇಕು. ಓದುತ್ತಾ ಹೋದರೆ ಪಾಪ ಬಡವರು, ಕಷ್ಟಪಟ್ಟು ಹೋದರು ಅಂತ ಅನ್ನಿಸುತ್ತದೆ. ನಿಜ ಇರಬಹುದು. ಆದರೆ ಅವರು ಹೋದ ನೆಲ ಖಾಲಿ ಇರಲಿಲ್ಲ. ಮೂಂಟಾ ಇರುವ ಜಾಗ ನರುಂಗ ಜನರದ್ದು. ಬರ್ರಾ ಕಡೆ ನ್ಗಾಜುರಿ ಜನರದ್ದು. ಅವರನ್ನ ಕೇಳಿದವರು ಯಾರು? ಗಣಿಗೆ ಮರ ಕಡಿದರು, ನೀರಿನ ಜಾಗಕ್ಕೆ ಬೇಲಿ ಹಾಕಿದರು, ಕಾಯಿಲೆ ತಂದರು.

ಕೆಜಿಎಫ್‌ನಲ್ಲೂ ಅಷ್ಟೇ ಅಲ್ವಾ. ದೊರೆಗಳಿಗೆ ದಿಬ್ಬದ ಮೇಲೆ ಬಂಗಲೆ, ಕ್ಲಬ್ಬು. ನೆಲದ ಅಡಿ ಇಳಿದವರಿಗೆ ತಟ್ಟಿ ಗುಡಿಸಲು. 1930ರಲ್ಲಿ ಕೆಲಸಗಾರರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಜನ ಸಿಟ್ಟಿಗೆದ್ದು ಗಣಿ ನಿಲ್ಲಿಸಿದರು. ನಮ್ಮನ್ನ ಕಳ್ಳರ ಥರ ನೋಡಬೇಡಿ ಅಂತ. ಊರಲ್ಲಿ ಬಡವನಾಗಿದ್ದವನು ಇಲ್ಲಿ ಬಂದ ತಕ್ಷಣ ದೊರೆ ಆಗಿಬಿಟ್ಟ, ಇದನ್ನ ಮರೆಯಬಾರದು.

ಮಾರಿಕುಪ್ಪಂ ಹುಡುಗ

ಬಳ್ಳಾರಿ ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಅಜ್ಜಿ ಹುಟ್ಟಿದ್ದೇ ತಟ್ಟಿ ಮನೆಯಲ್ಲಿ. ಮಳೆ ಬಂದರೆ ಬೊಂಬಿನ ತಡಿಕೆಯಿಂದ ನೀರು ಒಳಗೆ. ತಾತನಿಗೂ ಆ ದೊರೆಗೂ ಗಣಿಗೆ ಇಳಿಸುವ ಒಂದೇ ಕೇಜ್, ಒಂದೇ ಕತ್ತಲೆ, ಆದರೆ ಮೇಲೆ ಬಂದ ಮೇಲೆ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ. ಸಂಬಳದಲ್ಲಿ ಆಕಾಶ ಭೂಮಿ ಅಂತರ. ಇದನ್ನ ಬಿಟ್ಟು ಮಾತಾಡುವುದು ನನ್ನ ಉದ್ದೇಶ ಅಲ್ಲ.

ಆದರೂ ಗಣಿ ಮುಚ್ಚಿತು ಅಂತ ಊರು ಬಿಡುವುದು ಏನು ಅಂತ ನಮ್ಮೂರಿನವರಿಗೆ ಗೊತ್ತು. ಅದಕ್ಕೇ ಕೇಳಿದ್ದು.

ಪದಗಳ ಸಂತೆ

ನನಗೆ ಭಾಷೆ ಹುಚ್ಚು, ಹಾಗಾಗಿ ಆ ಕಡೆಯಿಂದ ಹೇಳುತ್ತೇನೆ. ಕಾರ್ನಿಷ್ ಹೆಸರುಗಳನ್ನ ಗುರುತಿಸುವುದು ಸುಲಭ. ಟ್ರೆ, ಪಾಲ್, ಪೆನ್ ಅಂತ ಶುರುವಾಗುವ ಅಡ್ಡಹೆಸರು ತುಂಬಾ. ಟ್ರೆವಿಥಿಕ್, ಪಾಲ್ಕಿಂಗ್‌ಹಾರ್ನ್, ಪೆನ್‌ರೋಸ್. ಟ್ರೆ ಅಂದರೆ ಹಟ್ಟಿ, ಪಾಲ್ ಅಂದರೆ ಕೊಳ, ಪೆನ್ ಅಂದರೆ ತಲೆ ಅಥವಾ ತುದಿ. ನಮ್ಮ ಊರ ಹೆಸರುಗಳಲ್ಲಿ ಹಟ್ಟಿ, ಕೆರೆ, ತಲೆ ಬರುವ ಹಾಗೇನೇ. ಜನ ಯಾವ ದೇಶಕ್ಕೆ ಹೋದರೂ ಹೆಸರಿನ ಒಳಗೆ ಊರು ಇಟ್ಟುಕೊಂಡೇ ಹೋದರು.

ಆದರೆ ಭಾಷೆ ಹೋಗಲಿಲ್ಲ, ಯಾಕೆಂದರೆ ಹೊರಡುವ ಹೊತ್ತಿಗೆ ಅವರ ಬಳಿ ಅದು ಉಳಿದೇ ಇರಲಿಲ್ಲ. ಕಾರ್ನಿಷ್ ತಾಯ್ನುಡಿಯಾಗಿ ಆಡಿದ ಕೊನೆಯವಳು ಅಂತ ಹೇಳುವ ಡಾಲಿ ಪೆಂಟ್ರೀತ್ ಅನ್ನುವ ಮೀನು ಮಾರುವ ಹೆಂಗಸು 1777ರಲ್ಲಿ ತೀರಿಕೊಂಡಳು. ಗಣಿಯವರು ಹೊರಟದ್ದು ಅದಾದ ಮೇಲೆ, ಇಂಗ್ಲಿಷ್ ಆಡುತ್ತಾ. ಕಳೆದ ನೂರು ವರ್ಷದಲ್ಲಿ ಭಾಷೆಯನ್ನ ಮತ್ತೆ ಕಟ್ಟುತ್ತಿದ್ದಾರೆ, ಮೇಲೆ ಅಮ್ಮ ಹೇಳಿದ ಹಬ್ಬದ ಹೆಸರು ಅದರಲ್ಲೇ ಇರುವುದು.

ಇದಕ್ಕೆ ಎದುರು ವೇಲ್ಸ್‌ನವರ ಕಥೆ ನೋಡಿ. ಅವರಲ್ಲಿ ಕೆಲವರು ಭಾಷೆ ಉಳಿಸಿಕೊಳ್ಳಲೆಂದೇ ದೇಶ ಬಿಟ್ಟರು! ಇಂಗ್ಲಿಷ್ ಕಾಟ ಇಲ್ಲದ ಕಡೆ ಹೋಗೋಣ ಅಂತ 1865ರಲ್ಲಿ ಮಿಮೋಸಾ ಅನ್ನುವ ಹಡಗಿನಲ್ಲಿ ಸುಮಾರು ನೂರೈವತ್ತು ಜನ ಲಿವರ್‌ಪೂಲ್‌ನಿಂದ ಹೊರಟು ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ ಇಳಿದರು, ಜುಲೈ 28ಕ್ಕೆ. ಇಳಿದು ನೋಡಿದರೆ ಬರೀ ಒಣ ನೆಲ. ಅಲ್ಲಿದ್ದ ತೆವೆಲ್ಚೆ ಜನ ಬೇಟೆ ಕಲಿಸಿಕೊಟ್ಟರು, ಮಾಂಸ ಕೊಟ್ಟು ರೊಟ್ಟಿ ತೆಗೆದುಕೊಂಡರು. ವೇಲ್ಸ್‌ನವರು ಚುಬುತ್ ನದಿಯಿಂದ ಕಾಲುವೆ ತೋಡಿ ಗೋಧಿ ಬೆಳೆದರು. ಗೈಮನ್ ಅನ್ನುವ ಊರಲ್ಲಿ ಇವತ್ತಿಗೂ ವೆಲ್ಷ್ ಕೇಳುತ್ತದೆ. ಸ್ಪ್ಯಾನಿಷ್ ಮಾತಾಡುವ ದೇಶದಲ್ಲಿ! ಇದನ್ನ ನೆನೆದಾಗಲೆಲ್ಲ ನನಗೆ ರೋಮಾಂಚನ ಆಗುತ್ತದೆ. ಕನ್ನಡಿಗರು ಹೊರಗೆ ಹೋದ ಎರಡನೇ ತಲೆಮಾರಿಗೇ ಮಕ್ಕಳು ಮನೆಯಲ್ಲಿ ಕನ್ನಡ ಬಿಡುವುದನ್ನ ನೋಡಿದವನು ನಾನು.

ಟೊಲುಕಾ ಡೈರಿ

ಮೆಕ್ಸಿಕೊ ಬಗ್ಗೆ ಯಾರೂ ಬರೆದಿಲ್ಲವಲ್ಲ ಅಂತ ಬಂದೆ. ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆ. ರಿಯಲ್ ದೆಲ್ ಮೊಂತೆ ಅಂತ ಬೆಟ್ಟದ ಮೇಲಿನ ಊರು, ಪಚೂಕಾ ಪಕ್ಕ. ಮಡಿಕೇರಿಗಿಂತ ಎರಡು ಪಟ್ಟಿಗೂ ಜಾಸ್ತಿ ಎತ್ತರ, ಮಂಜು ಸುರಿಯುತ್ತದೆ. ಮೆಕ್ಸಿಕೊ ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ಅಲ್ಲಿನ ಬೆಳ್ಳಿ ಗಣಿಗಳಲ್ಲಿ ನೀರು ತುಂಬಿ ಹಾಳಾಗಿದ್ದವು. ಬ್ರಿಟನ್ನಿನ ಕಂಪನಿಯೊಂದು ಗುತ್ತಿಗೆ ಹಿಡಿದು 1825ರಲ್ಲಿ ಕಾರ್ನ್‌ವಾಲ್‌ನಿಂದ ಜನ, ಯಂತ್ರ ಎರಡನ್ನೂ ಕಳಿಸಿತು. ಸುಮಾರು 1,500 ಟನ್ ಸಾಮಾನು. ರಸ್ತೆ ಇಲ್ಲ. ಕರಾವಳಿಯಿಂದ ಬೆಟ್ಟಕ್ಕೆ ಹೇಸರಗತ್ತೆಗಳಲ್ಲಿ ಎಳೆಸಿದರು. ಕರಾವಳಿಯ ಹಳದಿ ಜ್ವರಕ್ಕೆ ಎಷ್ಟೋ ಜನ ಬೆಟ್ಟ ನೋಡುವ ಮೊದಲೇ ಸತ್ತರು.

ಊರ ಮೇಲೆ ಗುಡ್ಡದಲ್ಲಿ ಇಂಗ್ಲಿಷ್ ಸ್ಮಶಾನ ಇದೆ, ಎತ್ತರದ ಮರಗಳ ನಡುವೆ. ಗೋರಿಗಳೆಲ್ಲ ಇಂಗ್ಲೆಂಡ್ ಕಡೆ ಮುಖ ಮಾಡಿವೆ ಅಂತ ಅಲ್ಲಿಯವರು ತೋರಿಸುತ್ತಾರೆ. ಕಲ್ಲಿನ ಮೇಲೆ ಪಾಚಿ. ಬಗ್ಗಿ ಉಜ್ಜಿ ಓದಿದರೆ ಸಣ್ಣ ಮಕ್ಕಳ ಹೆಸರು ಎಷ್ಟೊಂದು.

ಅಡಿಲೇಡ್ ಅಮ್ಮ ಹೇಳಿದ ಕರ್ಜಿಕಾಯಿ ಅಲ್ಲೂ ಇದೆ, ಪಾಸ್ತೆ ಅಂತ ಹೆಸರು. ಒಳಗೆ ಆಲೂಗಡ್ಡೆ ಮಾಂಸದ ಜೊತೆ ಹಸಿಮೆಣಸಿನಕಾಯಿ! ಅಕ್ಟೋಬರ್‌ನಲ್ಲಿ ಪಾಸ್ತೆ ಹಬ್ಬ, ಪಾಸ್ತೆಗೆ ಒಂದು ಮ್ಯೂಸಿಯಂ ಕೂಡ. ಮಾರುವವರು ಅಪ್ಪಟ ಮೆಕ್ಸಿಕೊದವರು. ಇದು ನಮ್ಮೂರ ತಿಂಡಿ ಅಂತಲೇ ಹೇಳುತ್ತಾರೆ, ಈಗ ಅದು ನಿಜವೂ ಹೌದು. ಫುಟ್‌ಬಾಲ್ ಅನ್ನೂ ಕಾರ್ನ್‌ವಾಲ್‌ನವರೇ ತಂದರು, ಪಚೂಕಾ ಕ್ಲಬ್ಬಿನ ಮೂಲ ಗಣಿಯವರ ಆಟದಲ್ಲೇ ಇರುವುದು.

ನಿವೃತ್ತ ಗಣಿ ಇಂಜಿನಿಯರ್

ಟೊಲುಕಾದವರು ಹೇಳಿದ ಆ ಕಂಪನಿಯ ಹಿಂದೆ ಇದ್ದವನು ಜಾನ್ ಟೇಲರ್. ಅವನ ಮನೆತನದ ಸಂಸ್ಥೆಯೇ ಜಾನ್ ಟೇಲರ್ ಅಂಡ್ ಸನ್ಸ್, 1880ರಲ್ಲಿ ನಮ್ಮ ಕೆಜಿಎಫ್ ಹಿಡಿದದ್ದು. ಮೆಕ್ಸಿಕೊಗೂ ಮಾರಿಕುಪ್ಪಂಗೂ ಇರುವ ಗಂಟು ಇದು.

ಇಲ್ಲಿನ ಕಥೆ ಚುಟುಕಾಗಿ: ಐರ್ಲೆಂಡಿನ ಸೈನಿಕ ಲಾವೆಲ್ ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದು, 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅಗೆಯುವ ಹಕ್ಕು ಪಡೆದ. ಬೆಂಗಳೂರಿನ ಲಾವೆಲ್ ರಸ್ತೆ ಅವನ ಹೆಸರಿನದೇ. ಅವನ ಕೈಲಿ ಆಗಲಿಲ್ಲ. ಟೇಲರ್ ಕಂಪನಿಯವರೂ ಮೊದಲು ಹಣ ಕಳೆದುಕೊಂಡರು. ನಮ್ಮ ಹಳೆ ಕಾಲದವರು ಅಗೆದು ಬಿಟ್ಟ ಗುಂಡಿಗಳ ಜಾಡು ಹಿಡಿದು ಇನ್ನೂ ಕೆಳಗೆ ಹೋದಾಗಲೇ ಚಿನ್ನ ಇದ್ದ ಚಾಂಪಿಯನ್ ಪದರ ಸಿಕ್ಕಿದ್ದು. ಅಂದರೆ ಕೋಲಾರದ ಚಿನ್ನ ಬಿಳಿಯರು ಕಂಡುಹಿಡಿದದ್ದಲ್ಲ, ಇದನ್ನ ಒತ್ತಿ ಹೇಳಬೇಕು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಕೆಳಗೆ ಹೋಯಿತು. 1956ರಲ್ಲಿ ಮೈಸೂರು ಸರ್ಕಾರ ತೆಗೆದುಕೊಂಡಿತು.

ಗಣಿಯಲ್ಲಿ ಒಂದು ಜಾಗ ಖಾಲಿಯಾದರೆ ಸಾಕು, ಕಾರ್ನ್‌ವಾಲ್‌ನವರು ನಮ್ಮೂರಲ್ಲಿ ನನ್ನ ಕಸಿನ್ ಜ್ಯಾಕ್ ಇದ್ದಾನೆ, ಕರೆಸಲಾ ಅನ್ನುತ್ತಿದ್ದರಂತೆ. ಅದಕ್ಕೇ ಲೋಕದ ಗಣಿಗಳಲ್ಲೆಲ್ಲ ಅವರಿಗೆ ಕಸಿನ್ ಜ್ಯಾಕ್ ಅಂತ ಹೆಸರು ಬಿತ್ತು ಅಂತ ಒಂದು ಕಥೆ. ಕೆಜಿಎಫ್‌ನಲ್ಲೂ ಒಬ್ಬರ ಹಿಂದೆ ಒಬ್ಬರು ಬಂದದ್ದು ಹಾಗೇ, ಅವರೂ, ಉತ್ತರ ಆರ್ಕಾಟಿನಿಂದ ಬಂದ ನಮ್ಮವರೂ.

ಕುಂದಾಪ್ರ ಅಕ್ಕ

ಎಲ್ಲರೂ ಹೋದವರ ಬಗ್ಗೆ ಬರೆದಿದ್ದೀರಿ. ಉಳಿದ ಹೆಂಗಸರು? ನಮ್ಮ ಕರಾವಳಿಯಲ್ಲಿ ಗಂಡ ಗಲ್ಫಿನಲ್ಲಿ, ಹೆಂಡತಿ ಇಲ್ಲಿ ಅತ್ತೆ ಮಾವ ಮಕ್ಕಳನ್ನ ನೋಡಿಕೊಂಡು ಇರುವ ಮನೆಗಳು ಎಷ್ಟು ಬೇಕು. ನನ್ನಮ್ಮನೂ ಹಾಗೆ ಹದಿನಾಲ್ಕು ವರ್ಷ ಕಳೆದವಳು. ಡ್ರಾಫ್ಟ್ ಬಂತಾ ಅಂತ ಪೋಸ್ಟ್‌ಮ್ಯಾನ್ ದಾರಿ ನೋಡುವುದು ನನಗೆ ಚೆನ್ನಾಗಿ ನೆನಪಿದೆ.

ನಿವೃತ್ತ ಗಣಿ ಇಂಜಿನಿಯರ್

ಅಕ್ಕಾ, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. 1886ರ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ಚಿನ್ನ ಸಿಕ್ಕಿತಲ್ಲ, ಆಗ ಗಂಡಸರು ಸಂಸಾರ ಬಿಟ್ಟು ಒಬ್ಬೊಬ್ಬರೇ ಹೋಗುವುದು ಜಾಸ್ತಿಯಾಯಿತು. ಕಾರ್ನ್‌ವಾಲ್‌ನ ಊರುಗಳು ಅಂಚೆಯಲ್ಲಿ ಬರುವ ದುಡ್ಡಿನ ಮೇಲೆ ನಿಂತಿದ್ದವು. 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಯುದ್ಧ ಶುರುವಾಗಿ ಗಣಿ ನಿಂತಾಗ ಮನೆಗಳ ಒಲೆಗೇ ಪೆಟ್ಟು. ದುಡ್ಡು ಕಳಿಸುವುದನ್ನ ನಿಲ್ಲಿಸಿಬಿಟ್ಟ ಗಂಡಸರೂ ಇದ್ದರು, ಆ ಹೆಂಗಸರು ಊರ ಧರ್ಮದ ಕಾಸಿಗೆ ಕೈ ಚಾಚಬೇಕಾಯಿತು.

ಟ್ರೆವಿಥಿಕ್‌ನೇ ನೋಡಿ. 1816ರಲ್ಲಿ ಪೆರು ದೇಶದ ಬೆಳ್ಳಿ ಗಣಿಗೆ ಹೋದವನು ತಿರುಗಿ ಬಂದದ್ದು 1827ರಲ್ಲಿ, ಕೈಯಲ್ಲಿ ಬಿಡಿಗಾಸಿಲ್ಲದೆ. ವಾಪಸ್ ಬರಲು ದಾರಿಯಲ್ಲಿ ಸಿಕ್ಕ ರಾಬರ್ಟ್ ಸ್ಟೀಫನ್‌ಸನ್, ಜಾರ್ಜ್‌ನ ಮಗ, 50 ಪೌಂಡ್ ಕೊಟ್ಟ. ಅಷ್ಟು ವರ್ಷ ಅವನ ಹೆಂಡತಿ ಜೇನ್, ಸಹೋದರನ ನೆರವಿನಲ್ಲಿ, ಹೇಯ್ಲ್ ಅನ್ನುವ ಊರಲ್ಲಿ ಒಂದು ವಸತಿ ಗೃಹ ನೋಡಿಕೊಂಡು ಮಕ್ಕಳನ್ನ ಸಾಕಿದಳು. ಹೆಂಗಸರು ಗಣಿಯ ಮೇಲುಕೆಲಸಕ್ಕೂ ಹೋಗುತ್ತಿದ್ದರು. ಬಾಲ್ ಮೇಡನ್ ಅಂತ ಹೆಸರು, ದಿನವಿಡೀ ಸುತ್ತಿಗೆಯಲ್ಲಿ ಅದಿರು ಒಡೆಯುವುದು, ಮುಖಕ್ಕೆ ಬಿಸಿಲು ಬೀಳದ ಹಾಗೆ ಬಟ್ಟೆಯ ಟೊಪ್ಪಿಗೆ.

ವೈಟ್‌ಫೀಲ್ಡ್ ಹಳಬ

ಬ್ರಿಟಿಷ್ ಮೂಲದವರು ಅಂದಾಗ ನಮ್ಮ ಪಕ್ಕದ ಮನೆಯವರನ್ನೂ ಸೇರಿಸಿ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ಊರಾಗಿ ಶುರುವಾದದ್ದು, ಚಾಮರಾಜೇಂದ್ರ ಒಡೆಯರ್ ಜಾಗ ಕೊಟ್ಟರು, ಮುಂದೆ ನಿಂತು ಕಟ್ಟಿಸಿದವರು ಡಿ.ಎಸ್. ವೈಟ್. 1947 ಆದ ಮೇಲೆ ಎಷ್ಟೋ ಕುಟುಂಬ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ಅಂತ ಹೋದರು. ನಮ್ಮ ಪಕ್ಕದ ಆಂಟಿ ಹೋಗಲಿಲ್ಲ. ಅಣ್ಣ ಪರ್ತ್‌ನಿಂದ ಎಷ್ಟು ಕರೆದರೂ, ನನ್ನ ಊರು ಇದು ಅಂತ ಕೂತರು. ಕ್ರಿಸ್‌ಮಸ್‌ಗೆ ಅವರು ಕಳಿಸುವ ಕೇಕಿನ ತಟ್ಟೆ ತೊಳೆದು ಅದರಲ್ಲಿ ಯುಗಾದಿಗೆ ಹೋಳಿಗೆ ಇಟ್ಟು ಕೊಡುತ್ತಿದ್ದಳು ನಮ್ಮಮ್ಮ. ಈಗ ಆ ಮನೆ ಇಲ್ಲ, ಅಪಾರ್ಟ್‌ಮೆಂಟ್ ಎದ್ದಿದೆ.

ಬಳ್ಳಾರಿ ಬಿಸಿಲು

ಚೆನ್ನಾಗಿ ನಡೆಯುತ್ತಿದೆ ಚರ್ಚೆ. ನನ್ನ ಮಾತು ನಾನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಬಾಲ್ ಮೇಡನ್ ವಿಷಯ ಓದಿ ಸಂಡೂರಿನ ಕಡೆ ಅದಿರು ಆರಿಸುತ್ತಿದ್ದ ಹೆಂಗಸರು ಕಣ್ಣ ಮುಂದೆ ಬಂದರು. ಮೈ ಕೈ ಎಲ್ಲ ಕೆಂಪು ಧೂಳು, ಮುಖಕ್ಕೆ ಸೆರಗು ಸುತ್ತಿಕೊಂಡು. ಅದೇ ಕೆಲಸ, ಅದೇ ಸುತ್ತಿಗೆ.

ಮಾರಿಕುಪ್ಪಂ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ರಾತ್ರಿ ಕೂತು ಎಲ್ಲ ಓದಿದೆ, ಅಪ್ಪನಿಗೂ ಓದಿ ಹೇಳಿದೆ.

ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಆಗ ನಾನು ಆರನೇ ಕ್ಲಾಸು. ಸೈರನ್ ನಿಂತ ಮೇಲೆ ಹೊತ್ತು ಎಷ್ಟಾಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ. ಅಪ್ಪ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದರು. ಬೆಳಕು ಹರಿಯುವ ಮೊದಲು ಮಾರಿಕುಪ್ಪಂ ಸ್ಟೇಷನ್ನಿಗೆ ಹೋದರೆ ರೈಲಿನ ಒಳಗೆ ಇಡೀ ನಮ್ಮೂರೇ ಇರುತ್ತದೆ. ಒಬ್ಬರ ಭುಜದ ಮೇಲೆ ಒಬ್ಬರು ತಲೆ ಇಟ್ಟು ನಿದ್ದೆ. ಕೆಲವರು ನೆಲಕ್ಕೆ ಪೇಪರ್ ಹಾಕಿ ಕೂತು ಬುತ್ತಿ ಬಿಚ್ಚುತ್ತಾರೆ. ರಾತ್ರಿ ವಾಪಸ್. ನನ್ನ ಜೊತೆ ಓದಿದವರಲ್ಲಿ ಇಬ್ಬರು ದುಬೈ, ಒಬ್ಬ ಆಸ್ಟ್ರೇಲಿಯಾದ ಪಶ್ಚಿಮದ ಗಣಿಯಲ್ಲಿ ಡ್ರಿಲ್ಲಿಂಗ್. ಅವನು ಹೋದ ಮೇಲೆ ತಮ್ಮನನ್ನೂ ಕರೆಸಿಕೊಂಡ. ಕಸಿನ್ ಜ್ಯಾಕ್ ಕಥೆ ಓದಿದಾಗ ನನಗೆ ನೆನಪಾದದ್ದು ಇವನೇ.

ಅಪ್ಪ ಒಂದೇ ಕೇಳಿದರು, ಆ ಕ್ಯಾಂಬೋರ್ನ್ ಊರಲ್ಲಿ ಈಗ ಗಣಿ ಇದೆಯಾ ಅಂತ.

ನಿವೃತ್ತ ಗಣಿ ಇಂಜಿನಿಯರ್

ಅಪ್ಪನಿಗೆ ಹೇಳಿ, ಕ್ಯಾಂಬೋರ್ನ್ ಹತ್ತಿರದ ಸೌತ್ ಕ್ರಾಫ್ಟಿ ಅನ್ನುವ ತವರದ ಗಣಿ ಕಾರ್ನ್‌ವಾಲ್‌ನಲ್ಲಿ ಕೊನೆಯವರೆಗೆ ಉಳಿದದ್ದು. ಅದು 1998ರಲ್ಲಿ ಮುಚ್ಚಿತು, ನಮ್ಮದಕ್ಕಿಂತ ಮೂರೇ ವರ್ಷ ಮೊದಲು. ಮತ್ತೆ ತೆರೆಯುವ ಪ್ರಯತ್ನ ನಡೆದಿದೆ. ಹಳೆ ಇಂಜಿನ್ ಮನೆಗಳು ಸಮುದ್ರದ ದಂಡೆಯಲ್ಲಿ ಹಾಗೇ ನಿಂತಿವೆ, 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು.

ಮಾರಿಕುಪ್ಪಂ ಹುಡುಗ

ಹೇಳಿದೆ ಸರ್. ಸುಮ್ನೆ ತಲೆ ಆಡಿಸಿದರು. ಆಮೇಲೆ, ನಮ್ಮ ಶಾಫ್ಟ್‌ಗಳ ಮೇಲಿನ ಕಬ್ಬಿಣವನ್ನಾದರೂ ಯಾರೂ ಕದಿಯದ ಹಾಗೆ ನೋಡಿಕೊಳ್ಳಬೇಕಿತ್ತು ಅಂದರು.

ಅಡಿಲೇಡ್ ಅಮ್ಮ, ಭಾನುವಾರ ಪೇಸ್ಟಿ ಮಾಡಬೇಕು ಅಂತ ಇದ್ದೀವಿ. ಆ ಸ್ವೀಡ್ ಗೆಡ್ಡೆ ಇಲ್ಲಿ ಸಿಗುವುದಿಲ್ಲ, ಏನು ಹಾಕಬಹುದು?

ಅಡಿಲೇಡ್ ಅಮ್ಮ

ನವಿಲುಕೋಸು ಹಾಕಪ್ಪ, ಸಣ್ಣಗೆ ಹೆಚ್ಚಿ. ಮೈದಾಗೆ ಬೆಣ್ಣೆ ಸ್ವಲ್ಪ ಜಾಸ್ತಿಯೇ ಇರಲಿ, ಕಲಸಿ ಒಂದು ಗಂಟೆ ಫ್ರಿಜ್ಜಿನಲ್ಲಿ ಇಡು. ಮೆಣಸಿನ ಪುಡಿ ಧಾರಾಳವಾಗಿ. ಅಂಚು ಮಡಚುವುದು ಅಮ್ಮನ ಕೈಗೆ ಕೊಡು, ಕರ್ಜಿಕಾಯಿ ಮಾಡಿ ಅಭ್ಯಾಸ ಇರುತ್ತದೆ. ಓವನ್ ಮೊದಲು ಚೆನ್ನಾಗಿ ಕಾದಿರಲಿ, ಆಮೇಲೆ ಉರಿ ತಗ್ಗಿಸು, ಒಟ್ಟು ಮುಕ್ಕಾಲು ಗಂಟೆ. ಮೇಲೆ ಒಂದು ಸಣ್ಣ ತೂತು ಮಾಡುವುದು ಮರೆಯಬೇಡ, ಆವಿ ಹೋಗಲಿಕ್ಕೆ. ಒಂದು ಮೂಲೆಯಲ್ಲಿ ಹಿಟ್ಟಿನಲ್ಲೇ ತಿನ್ನುವವರ ಹೆಸರಿನ ಮೊದಲ ಅಕ್ಷರ ಅಂಟಿಸುತ್ತಿದ್ದರಂತೆ, ಅರ್ಧ ತಿಂದು ಇಟ್ಟರೂ ಯಾರದ್ದು ಅಂತ ತಿಳಿಯಲಿ ಅಂತ. ಅಪ್ಪನದಕ್ಕೆ ಕನ್ನಡದಲ್ಲೇ ಬರಿ. ಫೋಟೋ ಹಾಕು.